ಬೇಗೂರಿನ ಹೊತ್ತು

ಇವತ್ತು ಬೆಳಿಗ್ಗೆ ಎನ್. ಬೇಗೂರಿನಲ್ಲಿ ಹೆಗ್ಗಡದೇವನಕೋಟೆಯ ಬಸ್ಸಿಗೆ ಕಾಯುತ್ತಿದ್ದೆ. ದನ ಹೊಡೆದುಕೊಂಡು ಬಂದ ಹಿರಿಯರನ್ನು ಕೇಳಿದೆ: 'ಯಜಮಾನ್ರೇ, ಕೋಟೆ ಬಸ್ಸು ಎಷ್ಟೊತ್ತಿಗೆ?' ಅವರು ಮೂಡಲ ಕಡೆ ಕಣ್ಣು ಹಾಯಿಸಿ, 'ಹೊತ್ತು ಇನ್ನೂ ಮಾರುದ್ದ ಏರಿಲ್ಲ ಕಣಪ್ಪ. ಏರ್ಲಿ, ಬತ್ತದೆ' ಎಂದು ನಡೆದುಬಿಟ್ಟರು. ಗಂಟೆ ಕೇಳಿದರೆ ಆಕಾಶ ತೋರಿಸಿದರಲ್ಲ ಎಂದು ರೇಗಿತು. ಬಸ್ಸು ಬಂದಾಗ ಹೊತ್ತು ಸುಮಾರು ಮಾರುದ್ದವೇ ಏರಿತ್ತು.

ನನ್ನನ್ನು ಹಿಡಿದದ್ದು 'ಹೊತ್ತು' ಎಂಬ ಮಾತು. ಹಳಗನ್ನಡದ ಪೊೞ್ತು. ನಮ್ಮಲ್ಲಿ ಅದು ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟುತ್ತದೆ, ಏರುತ್ತದೆ, ಮುಳುಗುತ್ತದೆ. ಊರೂರಿಗೂ ಬೇರೆ ಬೇರೆ ಗಳಿಗೆಯಲ್ಲಿ.

ಬಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ದೇಶದ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಸೂರ್ಯನಿಗೆ. ಬೇಗೂರು 76 ಡಿಗ್ರಿಗೆ ಸ್ವಲ್ಪ ಆಚೆ. ಡಿಗ್ರಿಗೆ 4 ನಿಮಿಷ. ಇಲ್ಲಿಯ ಹೊತ್ತು ಗಡಿಯಾರಕ್ಕಿಂತ ಸರಿಸುಮಾರು 24 ನಿಮಿಷ ಹಿಂದೆ, ಅಂದರೆ ಪಂಚಾಂಗದ ಲೆಕ್ಕದಲ್ಲಿ ನೆಟ್ಟಗೆ ಒಂದು ಗಳಿಗೆ! 1906ರಲ್ಲಿ ದೇಶಕ್ಕೆಲ್ಲ ಒಂದೇ ಗಂಟೆ ಬಂತು. ಆದರೂ ಕಲ್ಕತ್ತ 1948ರವರೆಗೆ, ಮುಂಬೈ 1955ರವರೆಗೆ ತಮ್ಮ ತಮ್ಮ ಗಂಟೆ ಬಿಡಲಿಲ್ಲ. ಬೇಗೂರಿನ ಗಳಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ರಾಹುಕಾಲವನ್ನೇ ನೋಡಿ. ಹೊತ್ತು ಹುಟ್ಟಿ ಮುಳುಗುವವರೆಗಿನ ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ರಾಹುವಿನದು. ಸೋಮವಾರ ಎರಡನೆಯ ಪಾಲು. ಗೋಡೆಯ ಕ್ಯಾಲೆಂಡರು 6 ಗಂಟೆಗೇ ಹೊತ್ತು ಹುಟ್ಟಿತೆಂದು ಹಿಡಿದು ವರ್ಷವಿಡೀ 7:30ರಿಂದ 9 ಎನ್ನುತ್ತದೆ. ಹಗಲಿರುಳು ಸಮವಾಗುವ ದಿನವೂ ಇಲ್ಲಿ 6ಕ್ಕೆ ಹೊತ್ತು ಹುಟ್ಟಿರುವುದಿಲ್ಲ. ಹೆಣ್ಣು ನೋಡಲು ಹೊರಟವರು ಹೊಸಿಲಲ್ಲಿ ನಿಂತು ಕಾಯುವುದು ಇನ್ನೆಲ್ಲಿಯದೋ ರಾಹುವಿಗೆ. ನಂಬುವುದಾದರೆ ತಮ್ಮೂರಿನದನ್ನೇ ನಂಬಬೇಕು. ಈ ವಿಷಯದಲ್ಲಿ ನಾನು ಯಾರೊಡನೆಯೂ ರಾಜಿಯಾಗಲಾರೆ.

ಆದರೆ ಜಡಿಮಳೆ ಹಿಡಿದು ಹೊತ್ತೇ ಕಾಣದ ದಿನ? ನಮ್ಮವ್ವನಿಗೆ ಹಿತ್ತಿಲ ಬೇಲಿಯ ಮೇಲೆ ಹೀರೆಬಳ್ಳಿಯಿತ್ತು. ಹೀರೆ ಹೂವು ಅರಳುವುದು ಇಳಿಹೊತ್ತಿನಲ್ಲಿ. ಮೋಡ ಎಷ್ಟೇ ಕವಿದಿರಲಿ, ಬೇಲಿ ಹಳದಿಯಾಯಿತೆಂದರೆ ಅವ್ವ ಹಿಟ್ಟಿಗೆ ಎಸರಿಡುತ್ತಿದ್ದಳು. ಬಳ್ಳಿ ಮುದಿಯಾಗಿ ಹೂವು ನಿಂತ ಮೇಲೆ ಏನನ್ನು ನೋಡಿ ಇಡುತ್ತಿದ್ದಳೋ, ನಾನು ಕೇಳಿಟ್ಟುಕೊಳ್ಳಲಿಲ್ಲ.