ಕೂಸು ಕಟ್ಟಿಕೊಂಡು ಕಡಲು ದಾಟಿದ್ದು

ದೇವದುರ್ಗದಲ್ಲಿ ಕೂಸು ಎತ್ತಿಕೊಂಡು ಬಸ್ ಹತ್ತಿದರೆ, ಮಾನ್ವಿಯಲ್ಲಿ ಇಳಿಯುವಷ್ಟರಲ್ಲಿ ಅದು ನಾಲ್ಕು ಮಡಿಲು ದಾಟಿರುತ್ತದೆ. "ಕೊಡವಾ ಇಲ್ಲೆ, ನಿಂತು ಎಷ್ಟೊತ್ತು ಎತ್ಗೊಂತಿ" ಎಂದು ಒಬ್ಬರು ಕೈ ಚಾಚುತ್ತಾರೆ. ಸಿರವಾರ ಬರುವ ಹೊತ್ತಿಗೆ ಅದು ಇನ್ನೊಬ್ಬರ ತೊಡೆಯ ಮೇಲೆ ಕೂತು ಅವರ ಬಳೆ ಎಣಿಸುತ್ತಿರುತ್ತದೆ. ಅತ್ತರೆ ಇಡೀ ಬಸ್ಸೇ ಸಮಾಧಾನ ಮಾಡುತ್ತದೆ.

ದೇವದುರ್ಗ ನನ್ನ ಗಂಡನ ಮನೆ, ಮಾನ್ವಿ ತವರುಮನೆ. ಈ ಎರಡೂರಿನ ನಡುವೆ ಮಕ್ಕಳನ್ನು ಕಟ್ಟಿಕೊಂಡು ಓಡಾಡಿದ ಧೈರ್ಯದಲ್ಲೇ ನಾನು ಅಮೆರಿಕದ ಡಲ್ಲಾಸ್‌ಗೆ ಹೊರಟಿದ್ದೆ. ನಮ್ಮವರು ಕೆಲಸದ ಮೇಲೆ ಮೊದಲೇ ಅಲ್ಲಿದ್ದರು. ನನ್ನ ಜೊತೆಗೆ ನಾಲ್ಕು ವರ್ಷದ ಸಮರ್ಥ ಮತ್ತು ಒಂಬತ್ತು ತಿಂಗಳ ಮಗಳು. ಬೇರೆ ದೊಡ್ಡವರು ಯಾರೂ ಇಲ್ಲ.

ಮೊದಲ ಪೇಚಾಟ ಮಗಳ ಹೆಸರಿನದು. ತವರಿನ ಕಡೆ ತುಂಗಭದ್ರೆ, ಗಂಡನ ಮನೆ ಕಡೆ ಕೃಷ್ಣೆ. ನಮ್ಮವ್ವ ತೊಟ್ಟಿಲಲ್ಲಿ ಹಾಕುವಾಗ "ತುಂಗಾ" ಎಂದು ಕೂಗಿದಳು. ನಮ್ಮತ್ತಿ ಮರುಗಳಿಗೆಗೆ "ಕೃಷ್ಣವ್ವ" ಎಂದರು. ಮನೆಯಲ್ಲಿ ಎರಡೂ ನಡೆದವು, ಆದರೆ ಪಾಸ್‌ಪೋರ್ಟಿಗೆ ಒಂದೇ ಹೆಸರು ಬೇಕಲ್ಲ. ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಹೆಸರಿನ ಜಾಗವೇ ಖಾಲಿ! ಹೆರಿಗೆಯಾದಾಗ ಬರೆಸಿದ್ದು ಬರೀ "ಹೆಣ್ಣು ಮಗು" ಎಂದು. ವರ್ಷದೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಖಾಲಿ ಜಾಗ ಕಣ್ಣಿಗೆ ಬೀಳುವುದು ಶಾಲೆಗೆ ಹಾಕುವಾಗಲೇ. ತುಂಗಾ ಎಂದೇ ಬರೆಸಿದೆವು. ಇಂಗ್ಲಿಷಿನಲ್ಲಿ ಕೊನೆಗೆ ಒಂದು 'ಎ' ಬೇಕೋ ಎರಡೋ ಎಂದು ಅರ್ಧ ದಿನ ಚರ್ಚೆಯಾಯಿತು. ಒಂದು ಕಾಗದದಲ್ಲಿ ಹೇಗಿದೆಯೋ ಎಲ್ಲ ಕಾಗದದಲ್ಲೂ ಹಾಗೇ ಇರಬೇಕು, ಅಕ್ಷರ ಹೆಚ್ಚುಕಡಿಮೆಯಾದರೆ ಮುಂದೆ ಎಲ್ಲೆಲ್ಲೋ ತೊಡಕು.

ಕೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು, ತಾಯಿಯದರಲ್ಲಿ ಸೇರಿಸುವುದಿಲ್ಲ. ರಾಯಚೂರಿನಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಅದಕ್ಕಾಗಿ ಬೆಂಗಳೂರಿಗೆ ಓಡುವುದು ತಪ್ಪಿತು. ಅರ್ಜಿಗೆ ತಂದೆ-ತಾಯಿ ಇಬ್ಬರ ಒಪ್ಪಿಗೆಯ ಸಹಿ ಬೇಕಾಗಿದ್ದರಿಂದ, ನಮ್ಮವರು ತೊಟ್ಟಿಲ ಕಾರ್ಯಕ್ಕೆ ಬಂದಾಗಲೇ ಅದನ್ನು ಮುಗಿಸಿದ್ದೆವು. ಫೋಟೊ ತೆಗೆಸಿದ ಕತೆಯೇ ಬೇರೆ. ಹಿಂದೆ ಬಿಳಿ ಬಣ್ಣವಿರಬೇಕು, ಕಣ್ಣು ತೆರೆದಿರಬೇಕು, ಹಿಡಿದವರ ಕೈ ಕಾಣಬಾರದು. ಕುತ್ತಿಗೆ ನಿಲ್ಲದ ಕೂಸನ್ನು ಮಾವನವರ ಒಗೆದ ಧೋತರದ ಮೇಲೆ ಮಲಗಿಸಿ, ಮಾನ್ವಿಯ ಸ್ಟುಡಿಯೋದವನು ಸ್ಟೂಲು ಹತ್ತಿ ಮೇಲಿನಿಂದ ತೆಗೆದ. ಹದಿನೇಳು ಸಲ ತೆಗೆದ ಮೇಲೆ ಒಂದು ಸರಿಬಂತು. ಆ ಪಾಸ್‌ಪೋರ್ಟ್ ಐದು ವರ್ಷ ನಡೆಯುತ್ತದೆ. ಅಷ್ಟು ದಿನವೂ ನನ್ನ ಮಗಳು ಅದರಲ್ಲಿ ಗಾಬರಿಯಾದ ಮೂರು ತಿಂಗಳ ಕೂಸೇ.

ಟಿಕೆಟ್ಟನ್ನು ಜೂನ್ 4ಕ್ಕೆ ಮಾಡಿಸಿದ್ದರಲ್ಲಿ ಒಂದು ಲೆಕ್ಕವಿತ್ತು. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಲಸಿಕೆ ಹಾಕುತ್ತಾರೆ. ದಡಾರ ಅಂದರೆ ನಮ್ಮ ಹಿರಿಯರು 'ಗೊಬ್ಬರ' ಎನ್ನುವ ಕಾಯಿಲೆ. ವಿಮಾನ ನಿಲ್ದಾಣದಂಥ ಗದ್ದಲದ ಜಾಗದಲ್ಲಿ ಅದು ಬೇಗ ಅಂಟುತ್ತದೆ, ಹೋಗುವ ಮೊದಲೇ ಹಾಕಿಸಬೇಕು. ಆದರೆ ಆ ಲಸಿಕೆ ಹಾಕಿದ ಒಂದೆರಡು ವಾರದಲ್ಲಿ ಕೆಲವು ಮಕ್ಕಳಿಗೆ ಜ್ವರ ಬರಬಹುದು. ಅದಕ್ಕೆ ದೇವದುರ್ಗದ ನರ್ಸಮ್ಮ ಲಸಿಕೆ ಹಾಕಿ ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟ ಮೇಲೆ ಮೂರು ವಾರ ಬಿಟ್ಟು ಹೊರಡುವ ದಿನ ಇಟ್ಟುಕೊಂಡಿದ್ದೆವು. ಎಲ್ಲ ಲೆಕ್ಕ ಸರಿ ಇತ್ತು.

ಹೊರಡುವ ಎರಡು ದಿನ ಮೊದಲು ರಾಯಚೂರಿನ ಅಣ್ಣನ ಮನೆಯಲ್ಲಿದ್ದೆವು. ಅಂದು ರಾತ್ರಿ ತುಂಗಾಳಿಗೆ ನೆಗಡಿ ಹೆಚ್ಚಾಗಿ ಮೈ ಕಾದಿತು. ಮಲಗಿಸಿದರೆ ಚೀರುತ್ತಾಳೆ, ಎತ್ತಿಕೊಂಡರೆ ಕಿವಿ ಜಗ್ಗಿಕೊಳ್ಳುತ್ತಾಳೆ. ಬೆಳಿಗ್ಗೆ ಮಕ್ಕಳ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಒಳಗೆ ಕೆಂಪಾಗಿ ಉಬ್ಬಿದೆ. ಈಗ ವಿಮಾನ ಬೇಡ" ಎಂದರು.

ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇರುತ್ತದೆ. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ, ನಾವು ಎಂಜಲು ನುಂಗಿದಾಗ ಆ ಕೊಳವೆ ತೆರೆದು ಕಿವಿ ಸರಿಹೋಗುತ್ತದೆ. ಕೂಸಿನ ಕೊಳವೆ ಮೊದಲೇ ಸಣ್ಣದು, ಸೋಂಕಾದರೆ ಊದಿಕೊಂಡು ಮುಚ್ಚಿರುತ್ತದೆ. ಆಗ ನೋವು ವಿಪರೀತ, ಒಮ್ಮೊಮ್ಮೆ ಕಿವಿಯ ಪರದೆಯೇ ಹರಿಯಬಹುದು. "ಔಷಧ ಮುಗಿಸಿ, ಹತ್ತು ದಿನ ಬಿಟ್ಟು ತೋರಿಸಿ. ಆಮೇಲೆ ಹೋಗಿ."

ಮನೆಗೆ ಬಂದರೆ ಹತ್ತು ಮಾತು. ದಿನ ಬದಲಾಯಿಸಿದರೆ ಮೂವರದೂ ಸೇರಿ 38,000 ರೂಪಾಯಿ ಹೆಚ್ಚಿಗೆ ಕಟ್ಟಬೇಕು. ಅಣ್ಣ, "ನಿದ್ದಿ ಬರೋ ಟಾನಿಕ್ ಹಾಕಿದ್ರ ಮಲಗೇ ಹೋಗ್ತದ, ಗೊತ್ತಾಗಂಗೇ ಇಲ್ಲ" ಎಂದ. ಅಂಥ ಔಷಧವನ್ನು ಕೂಸಿಗೆ ಹಾಕಲೇಬಾರದೆಂದು ಡಾಕ್ಟರು ಕೇಳುವ ಮೊದಲೇ ಹೇಳಿದ್ದರು. ಫೋನಿನಲ್ಲಿ ನಮ್ಮವರ ದನಿ ಸಣ್ಣದಾಯಿತು. ಆರು ತಿಂಗಳಿಂದ ಮಕ್ಕಳನ್ನು ನೋಡದ ಮನುಷ್ಯ, ತೊಟ್ಟಿಲು ಸಹ ತಂದು ಜೋಡಿಸಿ ಇಟ್ಟಿದ್ದರು. "ನೀನೇ ನೋಡು, ಹೆಂಗ ಅನಸ್ತದ ಹಂಗ ಮಾಡು" ಎಂದರು. ಆ ಮಾತು ನನಗೆ ಇನ್ನೂ ಭಾರವಾಯಿತು.

ಅತ್ತಿ ಒಬ್ಬರೇ, "ಈಗ ಬ್ಯಾಡವಾ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ನಿಮಗ ಮೊದಲಿನಿಂದ ನಾವು ಹೋಗೋದ ಬ್ಯಾಡಾಗಿತ್ತು ಬಿಡ್ರಿ ಅತ್ತಿ" ಎಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಹೋದರು. ಆ ಸೆಕೆಯಲ್ಲಿ ಬೆಳತನಕ ಅಲ್ಲೇ ತಿರುಗಾಡಿದರು. ಮಲಗಿಸಿದರೆ ಕಿವಿ ನೋವು ಹೆಚ್ಚಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಕೂಸಿನ ಅಳು ಕೇಳಿಯೇ ಗೊತ್ತು ಮಾಡಿಕೊಂಡಿದ್ದರು.

ಬೆಳಿಗ್ಗೆ ಸೀರೆಯ ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ದುಡ್ಡು ಇಟ್ಟರು. ಹತ್ತಿ ಮಾರಿದಾಗ ಮಾವನವರು ಅವರ ಕೈಗೆ ಕೊಟ್ಟಿದ್ದು, ಬೋರಮಾಳ ಮಾಡಿಸಲೆಂದು ಕೂಡಿಟ್ಟಿದ್ದು. "ನಾ ಹೋಗಬ್ಯಾಡ ಅಂದಿಲ್ಲವಾ. ಈಗ ಬ್ಯಾಡ ಅಂದೀನಿ. ಇದನ್ನ ಕಟ್ಟು, ಟಿಕೀಟು ಮುಂದಕ ಹಾಕಸು" ಎಂದರು. ನಾವು ಹೋಗಲೆಂದೇ ಅವರು ದುಡ್ಡು ಕೊಡುತ್ತಿದ್ದರು! ನನಗೆ ಅವರ ಮುಖ ನೋಡಲು ಆಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಎದ್ದು ಹೋಗಿ ಅವರಿಗೆ ಚಹಾ ಮಾಡಿ ತಂದುಕೊಟ್ಟೆ. ಕುಡಿದು, "ಸಕ್ಕರಿ ಜಾಸ್ತಿ ಆತು" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹತ್ತು ದಿನದ ಮೇಲೆ ಡಾಕ್ಟರು ಕಿವಿ ನೋಡಿ ಹೂಂ ಎಂದರು. ಜೂನ್ 18ರ ಸಂಜೆ ರಾಯಚೂರು ಬಿಟ್ಟೆವು. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆಯ ಮೇಲೆ ಮಾವನವರು ಗಾಡಿ ನಿಲ್ಲಿಸಿ ಹೊಳೆಗೆ ನಾಣ್ಯ ಹಾಕಿದರು. ಮಕ್ತಲ್, ಮಹಬೂಬನಗರ, ಜಡಚರ್ಲಾ ದಾಟಿ ಶಂಷಾಬಾದ್. ನಮ್ಮ ಕಡೆಯವರಿಗೆ ಒಂದು ಅನುಕೂಲ, ಹೈದರಾಬಾದ್ ಊರೊಳಗೆ ಹೋಗದೆಯೇ ವಿಮಾನ ನಿಲ್ದಾಣ ಸಿಗುತ್ತದೆ.

ಒಳಗೆ ತಪಾಸಣೆಯಲ್ಲಿ ಕುದಿಸಿ ಆರಿಸಿದ ನೀರಿನ ಬಾಟಲಿ, ಕೂಸಿನ ಹಾಲು ಎರಡನ್ನೂ ಹೊರತೆಗೆದು ತೋರಿಸಿದೆ. ಉಳಿದ ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಇದ್ದರೂ, ಪ್ರಯಾಣಕ್ಕೆ ಬೇಕಾದಷ್ಟು ಕೂಸಿನ ಆಹಾರಕ್ಕೆ ವಿನಾಯಿತಿ ಇದೆ. ಎರಡು ವರ್ಷದೊಳಗಿನ ಕೂಸಿಗೆ ಬೇರೆ ಸೀಟು ಇಲ್ಲ, ಮಡಿಲಲ್ಲೇ. ಮೊದಲೇ ಕೇಳಿಕೊಂಡಿದ್ದರಿಂದ ಮುಂದಿನ ಗೋಡೆಗೆ ತಗಲಿಸುವ ಸಣ್ಣ ತೊಟ್ಟಿಲು ಕೊಟ್ಟರು. ಬೆಲ್ಟ್ ಹಾಕಿಕೊಳ್ಳುವ ದೀಪ ಹತ್ತಿದಾಗಲೆಲ್ಲ ಮಲಗಿದ ಕೂಸನ್ನು ಎತ್ತಿಕೊಳ್ಳಲೇಬೇಕು, ಅದೊಂದೇ ಸಂಕಟ. ಇಳಿಯುವಾಗ ಎದೆಹಾಲು ಕುಡಿಸಿದೆ. ಕೂಸು ನುಂಗುತ್ತಿದ್ದರೆ ಕಿವಿ ತಾನೇ ಸರಿಹೋಗುತ್ತದೆ. ಸಮರ್ಥನ ಕೈಗೆ ಒಗ್ಗರಣಿ ಮಂಡಾಳಿನ ಡಬ್ಬಿ ಕೊಟ್ಟಿದ್ದೆ.

ದುಬೈಯಲ್ಲಿ ಬದಲಾಯಿಸಿದ ಮೇಲೆ ಸುಮಾರು ಹದಿನಾರು ಗಂಟೆಯ ಹಾರಾಟ. ನಡುವೆ ಸಮರ್ಥ, "ಮಮ್ಮಿ, ಅರ್ಜೆಂಟ್" ಎಂದ. ಕೂಸು ಆಗಷ್ಟೇ ನನ್ನ ಮಡಿಲಲ್ಲಿ ಕಣ್ಣು ಮುಚ್ಚಿತ್ತು. ಆ ಸಣ್ಣ ಶೌಚಾಲಯದಲ್ಲಿ ಮೂವರು ಹಿಡಿಸುವುದಿಲ್ಲ. ಏನು ಮಾಡಲಿ ಎಂದು ಕೂತಿದ್ದಾಗ ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಎರಡೂ ಕೈ ಚಾಚಿದರು. ಯಾವ ದೇಶದವರೋ, ಅವರ ಮಾತು ನನಗೆ ತಿಳಿಯಲಿಲ್ಲ, ನನ್ನದು ಅವರಿಗೆ ತಿಳಿಯಲಿಲ್ಲ. ಆದರೆ ಆ ಕೈ ಚಾಚುವುದು ಗೊತ್ತಿತ್ತು. ಮರಳಿ ಬಂದರೆ ತುಂಗಾ ಅವರ ಬೆರಳಿನ ಉಂಗುರ ತಿರುಗಿಸುತ್ತಿದ್ದಳು. ಸಿರವಾರದ ಬಸ್ಸು ನೆನಪಾಗಿ ಕಣ್ಣು ತುಂಬಿ ಬಂತು.

ಡಲ್ಲಾಸ್‌ನಲ್ಲಿ ಮಕ್ಕಳ ಡಾಕ್ಟರ ಮುಂದೆ ತಾಯಿ ಕಾರ್ಡ್ ಇಟ್ಟೆ. ಅಂಚು ಸವೆದು ಎಣ್ಣೆಯ ಕಲೆಯಾದ ಕಾರ್ಡು. ಅವರು ಒಂದೊಂದೇ ದಿನಾಂಕ ನೋಡಿ ಕಂಪ್ಯೂಟರಿಗೆ ಏರಿಸಿದರು. ವರ್ಷ ತುಂಬುವ ಮೊದಲು ಹಾಕಿಸಿದ ದಡಾರದ ಲಸಿಕೆ ಅಲ್ಲಿನ ಲೆಕ್ಕಕ್ಕೆ ಬರುವುದಿಲ್ಲವಂತೆ, ವರ್ಷವಾದ ಮೇಲೆ ಮತ್ತೆ ಹಾಕಬೇಕಂತೆ. "ಆದರೂ ಹಾಕಿಸಿ ಕರೆತಂದದ್ದು ಒಳ್ಳೆಯದಾಯಿತು" ಎಂದರು. ಆಮೇಲೆ ಕಿವಿ ನೋಡಿ, "ಚೆನ್ನಾಗಿದೆ" ಎಂದರು. ನಾನು ಹೊರಗೆ ಬಂದು ಮೊದಲು ಫೋನು ಮಾಡಿದ್ದು ಅತ್ತಿಗೆ.

ಮೊದಲ ವಾರ ಮಕ್ಕಳಿಬ್ಬರೂ ರಾತ್ರಿ ಎರಡಕ್ಕೆ ಎದ್ದು ಕೂಡುತ್ತಿದ್ದರು. ದೇವದುರ್ಗದಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಅತ್ತಿ ಊಟಕ್ಕೆ ಕೂರುವ ಹೊತ್ತು. ವಿಡಿಯೊ ಹಚ್ಚಿ ಮಕ್ಕಳನ್ನು ಅದರ ಮುಂದೆ ಕೂಡಿಸಿದರೆ, ಅವರು ರೊಟ್ಟಿ ಮುರಿಯುತ್ತ ಸಮರ್ಥನಿಗೆ ಕತೆ ಹೇಳುತ್ತಿದ್ದರು. ಮಕ್ಕಳ ಹಗಲು-ರಾತ್ರಿ ಸರಿಹೋಗಲು ಎಂಟು ದಿನ ಬೇಕಾಯಿತು.

ಒಂಬತ್ತನೆಯ ದಿನ ಇಬ್ಬರೂ ಬೆಳತನಕ ಮಲಗಿದರು. ಬೆಳಿಗ್ಗೆ ಫೋನು ಮಾಡಿ ಅತ್ತಿಗೆ ಹೇಳಿದೆ. "ಚಲೋ ಆತು ಬಿಡವಾ" ಎಂದರು. ಒಂದು ಗಳಿಗೆ ಸುಮ್ಮನಿದ್ದು, "ಇವತ್ತ ಊಟಕ ಕುಂತಾಗ ಫೋನ್ ಮುಂದ ಇಟ್ಗೊಂಡಿದ್ದೆ" ಎಂದರು.

ಅಂದಿನಿಂದ ನಾನು ಬೆಳಿಗ್ಗೆ ಒಂಬತ್ತಕ್ಕೆ ಫೋನು ಮಾಡುತ್ತೇನೆ. ಅಲ್ಲಿ ಆಗ ಸಂಜೆ ಏಳೂವರೆ, ರಾತ್ರಿ ಊಟದ ಹೊತ್ತು. ತುಂಗಾಳನ್ನು "ಕೃಷ್ಣವ್ವಾ" ಎಂದು ಕರೆದರೆ ಅವಳು ಫೋನಿನ ಕಡೆ ತಿರುಗುತ್ತಾಳೆ.