ಕೈಕೆಳಗಿನ ಎಸೆತ

ಚೆಂಡನ್ನು ಕೈಕೆಳಗಾಗಿ ಎಸೆಯುವುದೆಂದರೆ ಕ್ರಿಕೆಟ್ ಬಲ್ಲವರಿಗೆ ಒಂದು ಕಳಂಕದ ನೆನಪು. 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ, ಕೊನೆಯ ಎಸೆತದಲ್ಲಿ ಪಂದ್ಯವನ್ನು ಸಮಗೊಳಿಸಲು ನ್ಯೂಜಿಲೆಂಡಿಗೆ ಆರು ಓಟಗಳು ಬೇಕಿದ್ದವು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್‌ನಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿದ. ಆ ಎಸೆತ ಅಂದು ನಿಯಮಬಾಹಿರವಾಗಿರಲಿಲ್ಲ; ಆದರೂ ಜಗತ್ತು ಅದನ್ನು ಕ್ಷಮಿಸಲಿಲ್ಲ. ವಿಪರ್ಯಾಸವೆಂದರೆ ಕ್ರಿಕೆಟ್ ಹುಟ್ಟಿದ್ದೇ ಕೈಕೆಳಗಿನ ಎಸೆತದಿಂದ. ತೋಳನ್ನು ಭುಜಕ್ಕಿಂತ ಮೇಲೆತ್ತಿ ಎಸೆಯಲು ಅದರ ನಿಯಮ ಒಪ್ಪಿದ್ದು 1864ರಲ್ಲಿ. ಅಮೆರಿಕದ ಬೇಸ್‌ಬಾಲ್ ಕೂಡ ಹಾಗೆಯೇ ಆರಂಭವಾಗಿ, 1884ರಲ್ಲಿ ನ್ಯಾಷನಲ್ ಲೀಗ್ ಮೇಲ್ಗೈ ಎಸೆತಕ್ಕೆ ಪೂರ್ಣ ಅನುಮತಿ ನೀಡಿತು. ಎರಡು ಆಟಗಳೂ ಬಿಟ್ಟುಕೊಟ್ಟ ಈ ಹಳೆಯ ವಿದ್ಯೆಗೆ ಆಶ್ರಯ ದೊರೆತದ್ದು ಸಾಫ್ಟ್‌ಬಾಲಿನಲ್ಲಿ. 1887ರ ನವೆಂಬರಿನಲ್ಲಿ ಷಿಕಾಗೋದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ, ಬಾಕ್ಸಿಂಗ್ ಕೈಗವಸನ್ನು ಉಂಡೆಯಾಗಿ ಕಟ್ಟಿ, ಪೊರಕೆಯ ಕೋಲಿನಿಂದ ಹೊಡೆದು ವಿನೋದಕ್ಕಾಗಿ ಆಡಿದ ಆಟವದು.

ಬೆಳಗಾವಿ ಸೀಮೆಯಿಂದ ನ್ಯೂಜೆರ್ಸಿಗೆ ಹೋಗಿ ನೆಲೆಸಿದ ಒಂದು ಜೈನ ಕುಟುಂಬದ ಒಂಬತ್ತು ವರ್ಷದ ಹುಡುಗಿ ತಾನು ಈ ಆಟದಲ್ಲಿ ಪಿಚರ್ ಆಗಬೇಕೆಂದು ಹಟ ಹಿಡಿದಾಗ, ಅವಳ ತಂದೆಗೆ ಮೊದಲು ನೆನಪಾದದ್ದು ಮೆಲ್ಬರ್ನ್. ಕಾಲೇಜಿನ ದಿನಗಳಲ್ಲಿ ಆತ ಮಧ್ಯಮವೇಗದ ಬೌಲರ್. ಕೈಕೆಳಗಿನ ಎಸೆತ ಮಕ್ಕಳಾಟವಲ್ಲವೇ, ಅದನ್ನು ಕಲಿಸುವುದೇನು ಮಹಾ ಎಂದುಕೊಂಡ. ತಾಯಿಯ ಚಿಂತೆ ಬೇರೆಯದು: ಕೈಗವಸು ಚರ್ಮದ್ದು. ನಾಲ್ಕು ಅಂಗಡಿ ಅಲೆದು ಆಕೆ ಕೃತಕ ಚರ್ಮದ್ದೊಂದನ್ನು ತಂದಳು. ಚೆಂಡಿನ ಹೊದಿಕೆಯೂ ಕೃತಕವೇ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ ನೋಡಿಯೇ ಕೊಂಡಳು.

ಹತ್ತು ವರ್ಷದೊಳಗಿನವರಿಗೆ ಎಸೆತದ ದೂರ ಮೂವತ್ತೈದು ಅಡಿ, ಚೆಂಡಿನ ಸುತ್ತಳತೆ ಹನ್ನೊಂದು ಅಂಗುಲ. ಆ ಚೆಂಡು ಮಗುವಿನ ಅಂಗೈಗೆ ಒಂದು ಮೋಸಂಬಿಗಿಂತ ದೊಡ್ಡದು. ಕೈ ಮುಂದಿನಿಂದ ಮೇಲೇರಿ, ತಲೆಯ ಮೇಲಿಂದ ಹಿಂದಕ್ಕೆ ಇಳಿದು, ಸೊಂಟದ ಬಳಿ ಬಂದಾಗ ಚೆಂಡು ಬಿಡುಗಡೆಯಾಗಬೇಕು. ಗಾಳಿಯಂತ್ರದ ರೆಕ್ಕೆಯಂತಹ ಈ ಪೂರ್ಣ ಸುತ್ತಿಗೆ ಮಕ್ಕಳು ಮನಸೋಲುತ್ತಾರೆ. ಆದರೆ ಕಲಿಕೆಯ ಕ್ರಮ ಅಲ್ಲಿಂದ ಆರಂಭವಾಗುವುದಿಲ್ಲ. ಕೊನೆಯಿಂದ ಮೊದಲಿಗೆ ಸಾಗುತ್ತದೆ. ಮೊದಲು ಹತ್ತಡಿ ದೂರದಿಂದ ಬರಿಯ ಮಣಿಕಟ್ಟಿನ ಚಿಮ್ಮು. ಬಳಿಕ ಹಿಂದೆ ಚಾಚಿದ ತೋಳಿನಿಂದ, ಅನಂತರ ತಲೆಯ ಮೇಲಿಂದ, ಎಲ್ಲ ಒಗ್ಗಿದ ಮೇಲಷ್ಟೇ ಪೂರ್ಣ ಸುತ್ತು ಮತ್ತು ಎಡಗಾಲಿನ ಮುಂಚಾಚು. ಚೆಂಡು ಕೈಬಿಡುವ ಕ್ಷಣವೇ ಎಲ್ಲಕ್ಕೂ ಮೂಲ: ತುಸು ಮುಂಚೆ ಬಿಟ್ಟರೆ ನೆಲಕ್ಕೆ ಬಡಿಯುತ್ತದೆ, ತುಸು ತಡವಾದರೆ ಹಿಡಿಯುವವನ ತಲೆಯ ಮೇಲೆ ಹಾರುತ್ತದೆ.

ಅಲ್ಲಿನ ತಂದೆಯರಂತೆ ಆತನೂ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಬಕೆಟ್ ಒಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಚೆಂಡು ಹಿಡಿಯುತ್ತಿದ್ದ. ಕ್ರಮವೇನೋ ಸರಿಯಾಗಿಯೇ ಇತ್ತು. ಆದರೆ ಯಾರೋ ಹೇಳಿದ ಒಂದು ಮಾತನ್ನು ಪರೀಕ್ಷಿಸದೆ ಅದಕ್ಕೆ ಸೇರಿಸಿದ: ಚೆಂಡು ಬಿಟ್ಟೊಡನೆ ಕೈಯನ್ನು ಭುಜದತ್ತ ಎತ್ತಿ ಮೊಣಕೈ ಎದುರಿಗೆ ತೋರಿಸಬೇಕು. ಹಿಂದೆ ಅನೇಕರು ಹಾಗೆ ಕಲಿಸುತ್ತಿದ್ದುದು ನಿಜ. ಇಂದಿಗೂ ಕೆಲವರು ಕಲಿಸುತ್ತಾರೆ. ಮಗಳು ವಿಧೇಯಳು. ಮೊಣಕೈ ಎತ್ತುವ ಆತುರದಲ್ಲಿ ಚೆಂಡು ಬಿಡುವ ಮೊದಲೇ ಕೈ ಮೇಲಕ್ಕೆ ಸೆಳೆಯತೊಡಗಿತು. ಚೆಂಡು ಹಾರಿತು. ಆತ “ಗುರಿ ನೋಡು” ಎಂದ. ಗುರಿ ನೋಡಿದಷ್ಟೂ ಅವಳ ತೋಳು ಬಿಗಿಯಿತು. ಎಸೆಯುವುದನ್ನು ಬಿಟ್ಟು ಅವಳು ಚೆಂಡನ್ನು ಕೈಹಿಡಿದು ನಡೆಸುವಂತಾಯಿತು.

ಮೇ ತಿಂಗಳ ಒಂದು ಪಂದ್ಯದಲ್ಲಿ ಅವಳು ಸಾಲಾಗಿ ನಾಲ್ವರಿಗೆ ನಾಲ್ಕು ನಾಲ್ಕು ತಪ್ಪೆಸೆತ ಎಸೆದಳು. ನಾಲ್ಕನೆಯವಳು ಬ್ಯಾಟ್ ಬೀಸದೆಯೇ ಮೊದಲ ಬೇಸಿಗೆ ನಡೆದಾಗ ಎದುರಾಳಿಗೆ ಒಂದು ಓಟ ಪುಕ್ಕಟೆಯಾಗಿ ಬಂತು. ಕಾರಿನಲ್ಲಿ ಮರಳುವಾಗ ತಂದೆ, ಕೈ ಯಾಕೆ ಮೇಲಕ್ಕೆ ಹೋಗುತ್ತಿದೆ ಎಂದು ಕೇಳಿದ. “ನೀನೇ ಎತ್ತು ಅಂದಿಯಲ್ಲ” ಎಂದಳು. ಅದು ದೂರಲ್ಲ, ಬರಿಯ ಉತ್ತರ. ಆ ಬೇಸಿಗೆಯಲ್ಲಿ ಅವಳು ಮತ್ತೆ ಚೆಂಡು ಮುಟ್ಟಲಿಲ್ಲ.

ಆತ ಮಾತ್ರ ರಾತ್ರಿಗಳಲ್ಲಿ ನುರಿತ ಪಿಚರ್‌ಗಳ ಎಸೆತವನ್ನು ನಿಧಾನಗತಿಯ ಚಿತ್ರಗಳಲ್ಲಿ ನೋಡುತ್ತ ಕುಳಿತ. ಅವರಲ್ಲಿ ಯಾರೂ ಮೊಣಕೈ ಎತ್ತುತ್ತಿರಲಿಲ್ಲ. ಮುಂದೋಳು ಸೊಂಟದ ಪಕ್ಕಕ್ಕೆ ಸವರಿಕೊಂಡು ಬರುತ್ತದೆ, ಚೆಂಡು ಹೊರಡುವಾಗ ತಾನಾಗಿ ಒಳಮುಖವಾಗಿ ತಿರುಗುತ್ತದೆ, ಕೈ ಸಡಿಲವಾಗಿ ಕೆಳಗೇ ಉಳಿದು ಮೈಗೆ ಅಡ್ಡವಾಗಿ ಹೋಗುತ್ತದೆ. ತಾನು ವಾರಗಟ್ಟಲೆ ಬೈದದ್ದು ತನ್ನ ಮಾತನ್ನೇ ಎಂದು ಆತನಿಗೆ ಅರಿವಾಯಿತು. ಬಲ್ಲೆನೆಂಬ ಭಾವದಿಂದ ಕಲಿಸುವವನ ತಪ್ಪು ಇನ್ನೊಬ್ಬರ ಮೈಯಲ್ಲಿ ಅಭ್ಯಾಸವಾಗಿ ಕೂರುತ್ತದೆ. ಮಾತನ್ನು ಹಿಂತೆಗೆದುಕೊಂಡರೂ ತೋಳು ಅದನ್ನು ಸುಲಭವಾಗಿ ಮರೆಯದು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನಗಳ ಪೂಜೆ ಮುಗಿದ ಮೇಲೆ ಕ್ಷಮಾವಾಣಿ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ‘ಉತ್ತಮ ಕ್ಷಮಾ’ ಎನ್ನುವ ದಿನ. ಪರಿಚಿತರ ನಡುವೆ ಅದು ಬಹುಮಟ್ಟಿಗೆ ಶಿಷ್ಟಾಚಾರವಾಗಿ ಹೋಗಿದೆ. ನಿಜವಾಗಿ ನೋಯಿಸಿದವರ ಬಳಿ ಹೋಗುವವರು ಕಡಿಮೆ. ಹಿರಿಯರು ಮಕ್ಕಳ ಬಳಿ ಹೋಗುವುದು ಇನ್ನೂ ಕಡಿಮೆ. ಆತ ಮನೆಗೆ ಬಂದು ಮಗಳೆದುರು ಮಂಡಿಯೂರಿ ಕುಳಿತು ಕೈಮುಗಿದ. ಅವಳು ಅಭ್ಯಾಸಬಲದಿಂದ ತಾನೂ ಕೈಮುಗಿದಳು. ಬಳಿಕ ಆತನ ಮುಖ ನೋಡಿ ಕೇಳಿದಳು: “ಯಾವುದಕ್ಕೆ?”

“ಮೊಣಕೈಗೆ. ನಾನು ತಪ್ಪು ಕಲಿಸಿದೆ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಸೆಪ್ಟೆಂಬರಿನ ಹಗಲು ಕುಗ್ಗಿತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕೆಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ಹತ್ತಡಿ ದೂರದಿಂದ, ಬರಿಯ ಮಣಿಕಟ್ಟಿನಿಂದ, ಮತ್ತೆ ಮೊದಲಿನಿಂದ. ಮೂರು ಚೆಂಡು ಬೇಲಿ ದಾಟಿದವು. ನಾಲ್ಕನೆಯದು ಕೈಗವಸಿಗೆ ಬಿದ್ದಾಗ ತಂದೆ ಏನೋ ಹೇಳಲು ಬಾಯಿ ತೆರೆದ. ಹೇಳದೆ ಚೆಂಡನ್ನು ಹಿಂದಿರುಗಿಸಿದ.