ಒಂದೂಕಾಲಡಿ ಹೆಚ್ಚು

ಜೀಪಿನ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 80 ಇಂಚು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೂ ಅಷ್ಟೇ, ಯುದ್ಧ ಮುಗಿಯುವ ಹೊತ್ತಿಗೆ ರೈತರಿಗೆಂದು ಬಂದ ಸಿಜೆ-2ಎಗೂ ಅಷ್ಟೇ, ಮಹೀಂದ್ರಾದವರು ನಮ್ಮಲ್ಲೇ ತಯಾರಿಸಿದ ಸಿಜೆ-3ಬಿಗೂ ಅಷ್ಟೇ. ಅಮೆರಿಕದ ಸೇನೆಗೆ ಬೇಕಾಗಿದ್ದದ್ದು ನಾಲ್ಕಾರು ಜನರನ್ನು ಹೊತ್ತು ಎಲ್ಲೆಂದರಲ್ಲಿ ನುಗ್ಗುವ ಗಾಡಿ. ನಮ್ಮ ಮಲೆನಾಡಿಗೆ ಬೇಕಾಗಿದ್ದದ್ದೇ ಬೇರೆ. ಸಂತೆಗೆ ಹೊರಟ ಹದಿನಾಲ್ಕು ಜನ, ಎರಡು ಚೀಲ ಕಾಳುಮೆಣಸು, ಒಂದು ಗ್ಯಾಸ್ ಸಿಲಿಂಡರು, ಮದುವೆಯ ಪಾತ್ರೆ, ಆಸ್ಪತ್ರೆಗೆ ಹೊರಟ ಅಜ್ಜಿ, ಹಿಂದಿನ ಬಾಗಿಲಿಗೆ ಜೋತುಬಿದ್ದ ಹೈಸ್ಕೂಲು ಹುಡುಗರು. ಇಷ್ಟೂ 80 ಇಂಚಿನಲ್ಲಿ ಹಿಡಿಯದೆ ಜೀಪುಗಳು ಉದ್ದವಾದವು. ಕಾರ್ಖಾನೆಯಲ್ಲಲ್ಲ, ಪೇಟೆ ಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ.

ಉದ್ದ ಮಾಡಿದ್ದೇ ತಪ್ಪು ಎನ್ನುವ ಶುದ್ಧಮಡಿಯವರ ಪೈಕಿ ನಾನಲ್ಲ. ಮುಂದೆ ಕಂಪನಿಯೇ 91 ಇಂಚಿನ ಜೀಪು ತಂದಿತು. ಊರಿನ ಅಗತ್ಯ ವೆಲ್ಡಿಂಗ್ ಅಂಗಡಿಯವನಿಗೆ ಮೊದಲೇ ಗೊತ್ತಿತ್ತು ಅಷ್ಟೆ. ಪ್ರಶ್ನೆ ಇರುವುದು ಹೇಗೆ ಉದ್ದ ಮಾಡಿದ ಎನ್ನುವುದರಲ್ಲಿ.

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ನಮ್ಮ ಭಾವನಿಂದ. ಮೂಡಿಗೆರೆ ಕಡೆಯ ಒಂದು ತೋಟದ ಶೆಡ್ಡಿನಲ್ಲಿ ಕೋಳಿಗಳ ವಶದಲ್ಲಿದ್ದ ಅರವತ್ತರ ದಶಕದ ಸಿಜೆ-3ಬಿಯನ್ನು ಅವರು ಕೊಂಡು ತಂದರು. ತಂದಾದ ಮೇಲೆ ‘ಇದನ್ನೇನು ಮಾಡೋದು ಮಾರಾಯ?’ ಎಂದು ನನಗೆ ಫೋನು. ಪತ್ರಿಕೆಗೆ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ನೆಂಟರಲ್ಲಿ ಇನ್ನೂ ಉಳಿದಿದೆ.

ಸಿಜೆ-3ಬಿ ಎಂದರೆ ನನಗೆ ವಿಶೇಷ ಪ್ರೀತಿ, ಅದಕ್ಕೆ ಕಾರಣ ಅದರ ಕುರೂಪ. ಹಳೆಯ ಜೀಪಿನ ತಗ್ಗು ಬಾನೆಟ್ಟಿನ ಚೆಲುವು ಇದಕ್ಕಿಲ್ಲ. 1953ರಲ್ಲಿ ವಿಲ್ಲಿಸ್‌ನವರು ಇದಕ್ಕೆ ಹರಿಕೇನ್ ಎಂಬ ಇಂಜಿನು ಕೂರಿಸಹೊರಟರು. ಮೊದಲಿನ ಇಂಜಿನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು. ಹರಿಕೇನಿನಲ್ಲಿ ಗಾಳಿ ಎಳೆದುಕೊಳ್ಳುವ ವಾಲ್ವುಗಳು ಹೆಡ್ಡಿಗೆ ಏರಿದವು, ಹೊಗೆ ಬಿಡುವವು ಕೆಳಗೇ ಉಳಿದವು. ಶಕ್ತಿ ಹೆಚ್ಚಿತು, ಇಂಜಿನಿನ ಎತ್ತರವೂ ಹೆಚ್ಚಿತು, ಬಾನೆಟ್ಟು ಮುಚ್ಚದಾಯಿತು. ಹೊಸ ವಿನ್ಯಾಸ, ಗಿನ್ಯಾಸ ಎಂದು ತಲೆ ಕೆಡಿಸಿಕೊಳ್ಳದೆ ಬಾನೆಟ್ಟನ್ನೇ ಮೇಲಕ್ಕೆತ್ತಿಬಿಟ್ಟರು. ಅಮೆರಿಕದಲ್ಲಿ ಇದರ ತಯಾರಿಕೆ 1968ಕ್ಕೆ ನಿಂತರೂ ಅದೇ ಹಣೆ ಎತ್ತಿದ ಮುಖ ನಮ್ಮ ದೇಶದಲ್ಲಿ ದಶಕಗಟ್ಟಲೆ ಓಡಾಡಿತು. ನಮ್ಮ ತಲೆಮಾರಿನವರು ಜೀಪು ಎಂದು ಚಿತ್ರ ಬರೆದರೆ ಬರುವುದು ಈ ಮುಖವೇ.

ಭಾವನ ಜೀಪಿನಲ್ಲಿ ಹರಿಕೇನ್ ಇರಲಿಲ್ಲ. ಪೆಟ್ರೋಲು ಕುಡಿಯುವ 2199 ಸಿಸಿಯ ಆ ಇಂಜಿನನ್ನು ಯಾರೋ ಎಂದೋ ಕಿತ್ತು, ಪೂಜೋ ಡೀಸೆಲ್ ಇಂಜಿನು ಕೂರಿಸಿದ್ದರು. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಮಲೆನಾಡಿನ ಅರ್ಧ ಜೀಪುಗಳ ಕತೆ ಇದೇ. ಇಂಜಿನ್ ಕೂರಿಸುವ ಹಳೆಯ ಬ್ರಾಕೆಟ್ಟುಗಳನ್ನು ಗ್ಯಾಸ್ ಕಟರಿನಿಂದ ಕಚ್ಚಿ ತೆಗೆದು, ಹೊಸವನ್ನು ಚಾಸಿಗೇ ಅಂಟಿಸಿದ್ದರು. ಹಿಂದೆ, ಸೀಟಿನ ಕೆಳಗೆ, ಒಂದೂಕಾಲು ಅಡಿ ಹೊಸ ಕಬ್ಬಿಣ.

ಭಾವನ ಊರಿನ ಗ್ಯಾರೇಜಿನ ಸಾಹೇಬರು ಬಂದರು. ಬಂದವರು ಇಂಜಿನಿನ ಕಡೆ ನೋಡಲೇ ಇಲ್ಲ. ಸ್ಪ್ರಿಂಗುಗಳ ಹ್ಯಾಂಗರಿನಿಂದ ತೂಕದ ಗುಂಡು ಇಳಿಬಿಟ್ಟು, ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಜೀಪನ್ನು ಆಚೆ ತಳ್ಳಿಸಿ, ಗುರುತಿನಿಂದ ಗುರುತಿಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರು. ಎರಡು ಕರ್ಣಗಳೂ ಒಂದೇ ಇರಬೇಕು. ಮುಕ್ಕಾಲು ಇಂಚು ವ್ಯತ್ಯಾಸ ಬಂತು. ‘ಗೌಡ್ರೇ, ಈ ಗಾಡಿ ಮುಂದಕ್ಕೆ ಹೋಗೋದಲ್ಲ, ಓರೆಯಾಗಿ ಹೋಗೋದು’ ಎಂದರು.

ಆಮೇಲೆ ಟಾರ್ಚು ಹಿಡಿದು ವೆಲ್ಡಿಂಗ್ ತೋರಿಸಿದರು. ಜೀಪಿನ ಚಾಸಿ ಎಂದರೆ ಎರಡು ಉದ್ದನೆಯ ಬಾಗಿದ ತಗಡಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಅಡ್ಡಪಟ್ಟಿಗಳನ್ನು ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಹಳ್ಳದಿಣ್ಣೆಯಲ್ಲಿ ಚೌಕಟ್ಟು ಸ್ವಲ್ಪ ತಿರುಚಿಕೊಂಡು ಮತ್ತೆ ಮೊದಲಿನಂತಾಗಬೇಕು. ಭಾರ ಬಿದ್ದಾಗ ತೊಲೆಯ ಮೇಲಂಚು ಕೆಳಂಚುಗಳೇ ಹೆಚ್ಚು ಪೆಟ್ಟು ತಿನ್ನುವುದು. ಉದ್ದ ಮಾಡುವುದನ್ನು ಬಲ್ಲವನು ತೊಲೆಯನ್ನು ಓರೆಯಾಗಿ ಕತ್ತರಿಸುತ್ತಾನೆ, ಒಳಗಿನಿಂದ ಪಟ್ಟಿ ಕೊಡುತ್ತಾನೆ, ಎಡಬಲದ ಬೆಸುಗೆಗಳು ಒಂದೇ ನೇರದಲ್ಲಿ ಬರದಂತೆ ನೋಡುತ್ತಾನೆ. ಇಲ್ಲಿ ಎರಡೂ ತೊಲೆಗಳನ್ನು ಒಂದೇ ಜಾಗದಲ್ಲಿ, ಮೇಲಿಂದ ಕೆಳಕ್ಕೆ ನೆಟ್ಟಗೆ ಕತ್ತರಿಸಿ, ದಪ್ಪಗೆ ವೆಲ್ಡ್ ಮೆತ್ತಿದ್ದರು. ಬಿರುಕು ಕಾಣಿಸಿದ್ದು ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ, ಕಾವು ತಿಂದು ಪೆಡಸಾದ ಕಬ್ಬಿಣದಲ್ಲಿ.

ಇನ್ನೂ ಒಂದಿತ್ತು. ಈ ಜೀಪಿನ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ನಡುವಿನ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮನ್ನು ಹಿಡಿಯುತ್ತದೆ, ಅಲ್ಲಿಂದ ಹಿಂದಿನ ಪ್ರೊಪೆಲರ್ ಶಾಫ್ಟಿನ ಮೂಲಕ ಚಕ್ರ ನಿಲ್ಲಬೇಕು. ಚಾಸಿ ಉದ್ದವಾದಾಗ ಶಾಫ್ಟೂ ಉದ್ದವಾಗಲೇಬೇಕಲ್ಲ, ಅದನ್ನೂ ತುಂಡರಿಸಿ ಬೆಸೆದಿದ್ದರು. ಆ ಬೆಸುಗೆ ಬಿಟ್ಟರೆ ಇಂಜಿನಿನ ಎಳೆತದ ಜೊತೆ ಹ್ಯಾಂಡ್‌ಬ್ರೇಕೂ ಹೋಯಿತು. ಘಾಟಿಯಲ್ಲಿ ಟಯರಿಗೆ ಕಲ್ಲು ಕೊಡಲು ಒಬ್ಬ ಹುಡುಗನನ್ನು ಹಿಂದೆ ನಿಲ್ಲಿಸಿಕೊಂಡೇ ಹೋಗುತ್ತಿದ್ದ ಜೀಪುಗಳನ್ನು ನಾನು ಕಂಡಿದ್ದೇನೆ. ಅದು ಬರೀ ರೂಢಿ ಎಂದುಕೊಂಡಿದ್ದೆ.

ಭಾವನ ಮೊದಲ ಆಸೆ ವಿಂಟೇಜ್ ನಂಬರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ ‘ವಿಎ’ ಅಕ್ಷರಗಳ ಹೊಸ ನಂಬರು ಪಡೆಯಬಹುದು. ಆದರೆ ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನು ಬದಲಾಗಿರಬಾರದು. ನಮ್ಮದು ವಯಸ್ಸಿನಲ್ಲಿ ಪಾಸು, ಉಳಿದ ಮೂರರಲ್ಲೂ ಫೇಲು.

ಹಾಗಾದರೆ ಹೆಚ್ಚಿನ ಒಂದೂಕಾಲಡಿ ಕತ್ತರಿಸಿ ಹಳೆಯ 80 ಇಂಚಿಗೆ ತಂದರಾಯಿತು ಎಂದರು. ಕೇಳಲು ಸುಲಭ. ಸೇರಿಸಿದ ತುಂಡಿನ ಜೊತೆ ಆಚೀಚೆಯ ಕಾವು ತಿಂದ ಕಬ್ಬಿಣವನ್ನೂ ತೆಗೆಯಬೇಕು, ತೆಗೆದರೆ 80ಕ್ಕೆ ಕಡಿಮೆ ಬೀಳುತ್ತದೆ, ಬಿದ್ದದ್ದಕ್ಕೆ ಮತ್ತೆ ಹೊಸ ತುಂಡು. ಅಂದರೆ ಮೂಲಕ್ಕೆ ಮರಳುವ ದಾರಿಯಲ್ಲೂ ಅವೇ ಬೆಸುಗೆಗಳು. ಒಬ್ಬ ಗೆಳೆಯರು, ಬೇರೆ ಚಾಸಿ ತಂದು ಇದರ ನಂಬರು ಹೊಡೆಸಿ ಎಂದು ಕಿವಿಯಲ್ಲಿ ಹೇಳಿದರು. ಅದು ಜೀಪಿನ ಕೆಲಸವಲ್ಲ, ಜೈಲಿನ ಕೆಲಸ.

ನಮ್ಮ ಕಡೆಯ ದೇವಸ್ಥಾನಗಳ ಜೀರ್ಣೋದ್ಧಾರ ನೋಡಿದವರಿಗೆ ಮೂಲಕ್ಕೆ ಮರಳಲು ಹೋಗಿ ಮತ್ತೆ ಕೆಡಿಸುವುದು ಹೊಸದಲ್ಲ. ಯಾರೋ ಭಕ್ತರು ಕಲ್ಲಿನ ಕಂಬಕ್ಕೆ ಎನಾಮಲ್ ಬಳಿದು, ಸವೆದ ಹಾಸುಗಲ್ಲಿನ ಮೇಲೆ ಟೈಲ್ಸ್ ಕೂರಿಸಿರುತ್ತಾರೆ. ಇನ್ನೊಂದು ತಲೆಮಾರಿನ ಭಕ್ತರು ಬಂದು ಟೈಲ್ಸ್ ಒಡೆಯುತ್ತಾರೆ, ಕಲ್ಲೂ ಒಡೆಯುತ್ತದೆ. ಇಬ್ಬರದೂ ಭಕ್ತಿಯೇ. ಜೀಪಿನ ಭಕ್ತರೂ ಇದಕ್ಕೆ ಕಡಿಮೆಯಿಲ್ಲ. ಪಂಜಾಬ್-ಹರಿಯಾಣ ಗಡಿಯ ಡಬ್ವಾಲಿಯಲ್ಲಿ ಹಳೆಯ ಜೀಪುಗಳನ್ನು ಥಳಥಳಿಸುವಂತೆ ಕಟ್ಟಿಕೊಡುವ ದೊಡ್ಡ ಪೇಟೆಯೇ ಇದೆ. ಹೊಳಪಿನ ಬಣ್ಣದ ಕೆಳಗೆ ಯಾವ ಚಾಸಿ ಇದೆ ಎಂದು ಕೊಳ್ಳುವವನು ಮಲಗಿ ನೋಡಬೇಕು. ಷೋಕಿಯ ಬಟ್ಟೆ ತೊಟ್ಟು ಬಂದವನು ಮಲಗುವುದಿಲ್ಲ.

ನನಗಿದ್ದ ಭಯ ಅದೇ. ಭಾವ ಬೇಸತ್ತು ಇದನ್ನು ಮಾರಿದರೆ, ಯಾರೋ ಪುಟ್ಟಿ ತುಂಬಿ, ಹಸಿರು ಬಳಿದು, ಮಾಂದಲಪಟ್ಟಿಯಂಥ ಗುಡ್ಡಕ್ಕೆ ಪ್ರವಾಸಿಗರನ್ನು ಹತ್ತಿಸಲು ಬಿಟ್ಟಾರು. ಹಿಂದೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಆ ಬಿರುಕು ಏರು ಹತ್ತುತ್ತದೆ. ಇತಿಹಾಸ, ನೆನಪು ಎಂದೆಲ್ಲ ನಾನೂ ಬರೆಯಬಲ್ಲೆ. ಆದರೆ ಚಾಸಿಗೆ ಭಾವನೆ ತಾಗುವುದಿಲ್ಲ, ಭಾರ ತಾಗುತ್ತದೆ. ಆದ್ದರಿಂದ ಈ ಚಾಸಿ ಇನ್ನು ಚಕ್ರದ ಮೇಲೆ ನಿಲ್ಲಬಾರದು ಎಂದು ಹೇಳಿದೆ. ಸಾಹೇಬರು ತಲೆಯಾಡಿಸಿದರು. ಭಾವ ಎದ್ದು ಕಾಫಿ ತರಲು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ಬಂದಾಗ ಮಾತು ಬಿಡಿಭಾಗಗಳ ಕಡೆ ತಿರುಗಿತ್ತು. ಎರಡು ಅಚ್ಚುಗಳು, ಟ್ರಾನ್ಸ್‌ಫರ್ ಕೇಸು, ಎತ್ತರದ ಬಾನೆಟ್ಟು, ಗ್ರಿಲ್ಲು ಎಲ್ಲ ಮೂಲದವೇ, ಗಟ್ಟಿಯಾಗಿವೆ. ಸಕಲೇಶಪುರದ ಕಡೆ ಸಾಹೇಬರಿಗೆ ಗೊತ್ತಿದ್ದ ಒಬ್ಬರ ಬಳಿ ಯಾರೂ ಕೈಯಾಡಿಸದ ಚಾಸಿಯ ಮೇಲೆ ಅರ್ಧ ಜೀಪಿದೆ, ಉಳಿದರ್ಧಕ್ಕೆ ಹುಡುಕುತ್ತಿದ್ದಾರೆ. ಅಲ್ಲಿಗೆ ಹೋಗಲಿ. ಆರ್‌ಸಿ ರದ್ದು ಮಾಡಿಸಿ, ನಂಬರಿರುವ ಚಾಸಿಯ ತುಂಡನ್ನು ಕತ್ತರಿಸಿ ಆರ್‌ಟಿಓ ಕಚೇರಿಗೆ ಒಪ್ಪಿಸಿದರೆ ಈ ಜೀಪಿನ ಹೆಸರಿನಲ್ಲಿ ಇನ್ನಾರೂ ಓಡಾಡುವಂತಿಲ್ಲ.

‘ಉಳಿದ ಚೌಕಟ್ಟು?’ ಎಂದರು ಭಾವ. ಗುಜರಿಗೆ ಎಂದೆ.

ಅವರು ಟೇಪು ತೆಗೆದುಕೊಂಡು ತೋಟದ ಕೆಳಗಿನ ಹಳ್ಳಕ್ಕೆ ಇಳಿದರು. ಅಲ್ಲಿ ಅಡಿಕೆ ಮರದ ಸಂಕ ಪ್ರತಿ ಮಳೆಗಾಲ ಕೊಳೆತು ಹೋಗುತ್ತದೆ, ಕೆಲಸದವರು ಬೈದುಕೊಂಡೇ ದಾಟುತ್ತಾರೆ. ಏಣಿಯಂಥ ಚೌಕಟ್ಟು, ಮೇಲೆ ಹಲಗೆ ಹಾಸಿದರೆ ಆಯಿತು. ಮನುಷ್ಯರ ಭಾರಕ್ಕೆ ಬಿರುಕಿನ ಬಳಿ ಎರಡು ಪಟ್ಟಿ ಕೊಟ್ಟರೆ ಸಾಕು ಎಂದು ಸಾಹೇಬರೂ ಸೇರಿಕೊಂಡರು. ಭಾವ ಆಚೆ ದಡದಿಂದ ಅಳತೆ ಕೂಗಿದರು. ಕಂಪನಿಯ ಮೂಲ ಚಾಸಿಯಾಗಿದ್ದರೆ ಒಂದಡಿ ಕಡಿಮೆ ಬೀಳುತ್ತಿತ್ತು.